ಒಂದೇ ಕಂಪ್ಯೂಟರಿನಲ್ಲಿ ಹಳೆಯ ಆಫೀಸೂ ಹೊಸ ಆಫೀಸೂ: ಜಗಳವಿಲ್ಲದೆ ಹಾಕಿಕೊಳ್ಳುವ ಕ್ರಮ

ಆಫೀಸ್ 2007 ಅಥವಾ 2010 ಇಟ್ಟುಕೊಂಡೇ ಅದೇ ಕಂಪ್ಯೂಟರಿಗೆ ಮೈಕ್ರೋಸಾಫ್ಟ್ 365 ಇಲ್ಲವೇ ಆಫೀಸ್ 2024 ಹಾಕಬಹುದು. ಎರಡೂ ಓಡುತ್ತವೆ. ಆದರೆ ಹಾಕುವ ಕ್ರಮ ತಪ್ಪಿದರೆ, ಅಥವಾ ಹಳೆಯದರಲ್ಲಿ ಬೇಡದ್ದನ್ನೆಲ್ಲ ತುಂಬಿಕೊಂಡರೆ, ದಿನಕ್ಕೊಂದು ಕಿರಿಕಿರಿ ಶುರುವಾಗುತ್ತದೆ. ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಬೇಡದ ವರ್ಡ್ ತೆರೆಯುತ್ತದೆ, ಪ್ರತಿ ಸಲವೂ 'ಕಾನ್ಫಿಗರ್ ಆಗುತ್ತಿದೆ, ತಾಳಿ' ಎಂಬ ಕಿಟಕಿ ಬಂದು ಕೂರುತ್ತದೆ, ಚೆನ್ನಾಗಿದ್ದ ಮ್ಯಾಕ್ರೋ (ಕೆಲಸ ತಾನಾಗಿ ನಡೆಯಲೆಂದು ಫೈಲಿನೊಳಗೆ ಬರೆದಿಟ್ಟ ಚಿಕ್ಕ ಪ್ರೋಗ್ರಾಂ) ಏಕಾಏಕಿ ಕೈಕೊಡುತ್ತದೆ.

ಇವುಗಳಲ್ಲಿ ಹೆಚ್ಚಿನವುಗಳ ಮೂಲ ಒಂದೇ. 'ವರ್ಡ್ ಅಂದರೆ ಈ ಪ್ರೋಗ್ರಾಂ' ಎಂದು ಬರೆದಿಡಲು ವಿಂಡೋಸ್ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಪಟ್ಟಿಯಲ್ಲಿ) ಇರುವುದು ಒಂದೇ ಜಾಗ, ಮತ್ತು ಎರಡು ವರ್ಡ್‌ಗಳೂ ಅದೇ ಜಾಗದಲ್ಲಿ ತಮ್ಮ ಹೆಸರು ಬರೆಯಲು ನೋಡುತ್ತವೆ. ಆದ್ದರಿಂದ ಸಿ.ಡಿ. ಹಾಕುವ ಮೊದಲೇ ಒಂದು ತೀರ್ಮಾನಕ್ಕೆ ಬನ್ನಿ: ಕಂಪ್ಯೂಟರಿನ ಯಜಮಾನಿಕೆ ಹೊಸದಕ್ಕೆ, ಹಳೆಯದಕ್ಕೆ ಗೊತ್ತಾದ ಒಂದೇ ಕೆಲಸ. ಮುಂದೆ ಹೇಳುವುದೆಲ್ಲ ಈ ತೀರ್ಮಾನ ಜಾರಿಯಾಗುವಂತೆ ನೋಡಿಕೊಳ್ಳುವ ಬಗೆ.

ಹಳೆಯದು ನಿಜಕ್ಕೂ ಬೇಕೇ?

ಬಹಳ ಜನ ಬೇಡದ ಕಾರಣಕ್ಕೆ ಹಳೆಯ ಆಫೀಸನ್ನು ಹಿಡಿದುಕೊಂಡಿರುತ್ತಾರೆ. ನಮ್ಮಲ್ಲಿ ಸಾಮಾನ್ಯವಾಗಿ ಕೇಳುವ ಕಾರಣ 'ನುಡಿ, ಬರಹ ತಂತ್ರಾಂಶಗಳಲ್ಲಿ ಮಾಡಿದ ಹಳೆಯ ಫೈಲುಗಳು ಹೊಸ ವರ್ಡ್‌ನಲ್ಲಿ ಕೆಡುತ್ತವೆ' ಎನ್ನುವುದು. ಯೂನಿಕೋಡ್ ಅಲ್ಲದ ಆ ಫಾಂಟುಗಳನ್ನು ಕಂಪ್ಯೂಟರಿಗೆ ಹಾಕಿದ್ದರೆ ಫೈಲು ಹೊಸ ವರ್ಡ್‌ನಲ್ಲೂ ಸರಿಯಾಗಿಯೇ ತೆರೆಯುತ್ತದೆ. ಕೆಡುವುದು ಟೈಪ್ ಮಾಡುವಾಗ. ಈ ಫಾಂಟುಗಳಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರದ ಜಾಗದಲ್ಲಿ ಒಂದು ಕನ್ನಡ ಆಕಾರವಿದ್ದರೆ, ದೊಡ್ಡ ಅಕ್ಷರದ ಜಾಗದಲ್ಲಿ ಬೇರೆಯೇ ಆಕಾರವಿರುತ್ತದೆ. ವಾಕ್ಯ ಶುರುವಾಯಿತೆಂದುಕೊಂಡು ವರ್ಡ್ ಮೊದಲ ಅಕ್ಷರವನ್ನು ತಾನಾಗಿ ದೊಡ್ಡದು ಮಾಡುತ್ತದೆ, ನಿಮ್ಮ ಕಣ್ಣೆದುರೇ ಒಂದು ಅಕ್ಷರ ಇನ್ನೊಂದಾಗಿ ಬದಲಾಗುತ್ತದೆ. ನೇರ ಉದ್ಧರಣ ಚಿಹ್ನೆಯನ್ನು ಬಾಗಿದ ಚಿಹ್ನೆಯಾಗಿಸುವ ಸವಲತ್ತೂ ಇದೇ ರೀತಿ ಕೆಡಿಸುತ್ತದೆ. ಇದಕ್ಕೆ ಹಳೆಯ ವರ್ಡ್ ಬೇಕಿಲ್ಲ. ಫೈಲ್ → ಆಪ್ಷನ್ಸ್ → ಪ್ರೂಫಿಂಗ್ → ಆಟೋಕರೆಕ್ಟ್ ಆಪ್ಷನ್ಸ್‌ಗೆ ಹೋಗಿ, ಮೊದಲ ಅಕ್ಷರ ದೊಡ್ಡದಾಗಿಸುವ ಗುರುತು, ಜೋಡಿ ದೊಡ್ಡಕ್ಷರ ತಿದ್ದುವ ಗುರುತು, 'ಟೈಪ್ ಮಾಡುತ್ತಿದ್ದಂತೆ ಬದಲಿಸು' ಎನ್ನುವ ಗುರುತು ಮೂರನ್ನೂ ತೆಗೆಯಿರಿ. ಪಕ್ಕದ 'ಆಟೋಫಾರ್ಮ್ಯಾಟ್ ಆ್ಯಸ್ ಯು ಟೈಪ್' ಪುಟದಲ್ಲಿ ಉದ್ಧರಣ ಚಿಹ್ನೆಯ ಗುರುತನ್ನೂ ತೆಗೆಯಿರಿ. ಅಲ್ಲಿಗೆ ಮುಗಿಯಿತು.

ಫೋಟೋ ಅಳತೆ ಇಳಿಸಲು ಬಳಸುವ ಪಿಕ್ಚರ್ ಮ್ಯಾನೇಜರ್ ಇನ್ನೊಂದು ಕಾರಣ. ಅರ್ಜಿಗೆ ಲಗತ್ತಿಸುವ ಭಾವಚಿತ್ರವನ್ನು ಇಷ್ಟೇ ಕೆ.ಬಿ.ಗೆ ಇಳಿಸಬೇಕಾದ ಸೈಬರ್ ಸೆಂಟರ್‌ಗಳಲ್ಲಿ ಇದರ ಮೇಲೆ ಬಹಳ ಪ್ರೀತಿ. ಇದು ಆಫೀಸ್ 2010ರ ತನಕ ಇತ್ತು, 2013ರಲ್ಲಿ ಕೈಬಿಟ್ಟರು. ಇದೊಂದಕ್ಕಾಗಿ ಇಡೀ 2010 ಹಾಕಬೇಡಿ. ಮೈಕ್ರೋಸಾಫ್ಟ್ ಉಚಿತವಾಗಿ ಕೊಟ್ಟ ಶೇರ್‌ಪಾಯಿಂಟ್ ಡಿಸೈನರ್ 2010ರ ಒಳಗೆ ಪಿಕ್ಚರ್ ಮ್ಯಾನೇಜರ್ ಸೇರಿಕೊಂಡಿದೆ. ಅದರ ಸೆಟಪ್ ಓಡಿಸಿ 'ಕಸ್ಟಮೈಸ್' ಒತ್ತಿ, ಪಟ್ಟಿಯಲ್ಲಿರುವ ಎಲ್ಲವನ್ನೂ 'ನಾಟ್ ಅವೈಲಬಲ್' ಮಾಡಿ, 'ಆಫೀಸ್ ಟೂಲ್ಸ್' ಅಡಿಯ ಪಿಕ್ಚರ್ ಮ್ಯಾನೇಜರ್ ಒಂದನ್ನು ಮಾತ್ರ 'ರನ್ ಫ್ರಂ ಮೈ ಕಂಪ್ಯೂಟರ್' ಎಂದು ಆರಿಸಿ. ನಿಮ್ಮ ಆಫೀಸ್ 32 ಬಿಟ್ ಆಗಿದ್ದರೆ (ಬಿಟ್‌ನ ವಿಷಯ ಮುಂದೆ ಬರುತ್ತದೆ) 32, 64 ಆಗಿದ್ದರೆ 64 ಬಿಟ್ ಪ್ರತಿಯನ್ನೇ ಇಳಿಸಿಕೊಳ್ಳಬೇಕು.

ಶಾಲೆ, ಕಾಲೇಜುಗಳ ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ಈಕ್ವೇಷನ್ ಎಡಿಟರ್ 3.0 ಬಳಸಿ ಬರೆದ ಸೂತ್ರಗಳಿರುತ್ತವೆ. ಅವನ್ನು ತಿದ್ದಲು ಹಳೆಯ ಆಫೀಸ್ ಇಟ್ಟುಕೊಳ್ಳುತ್ತೇವೆ ಎನ್ನುವವರಿಗೆ ಒಂದು ಎಚ್ಚರಿಕೆ. ಗಂಭೀರ ಭದ್ರತಾ ದೋಷ ಸಿಕ್ಕಿದ್ದರಿಂದ ಆ ಎಡಿಟರನ್ನು ಜನವರಿ 2018ರ ಅಪ್‌ಡೇಟ್‌ನಲ್ಲಿ ತೆಗೆದುಹಾಕಲಾಯಿತು. ಅಪ್‌ಡೇಟ್ ಆಗದ ಹಳೆಯ ಆಫೀಸ್‌ನಲ್ಲಿ ಅದು ಇನ್ನೂ ಇದೆ ಎಂದರೆ ಆ ದೋಷವೂ ಇದೆ ಎಂದೇ ಅರ್ಥ. ಸೂತ್ರಗಳನ್ನು ಹೊಸದಾಗಿ ಬರೆದುಕೊಳ್ಳುವುದೇ ಒಳ್ಳೆಯದು.

ಹಾಗಾದರೆ ನಿಜವಾದ ಕಾರಣಗಳು ಯಾವುವು? ಆಕ್ಸೆಸ್ 97ರಲ್ಲಿ ಮಾಡಿದ ಎಂಡಿಬಿ ಡೇಟಾಬೇಸ್ ಅವುಗಳಲ್ಲೊಂದು. ಆಕ್ಸೆಸ್ 2013ರಿಂದ ಮುಂದಿನವು ಅದನ್ನು ತೆರೆಯುವುದೇ ಇಲ್ಲ. 2007 ಅಥವಾ 2010ರಲ್ಲಿ ತೆರೆದು ಹೊಸ ರೂಪಕ್ಕೆ ಬದಲಿಸಿಕೊಳ್ಳಬೇಕು. ಆಕ್ಸೆಸ್ 2007ರ ತನಕ ಜೊತೆಗೇ ಬರುತ್ತಿದ್ದ ಕ್ಯಾಲೆಂಡರ್ ಕಂಟ್ರೋಲ್ (ದಿನಾಂಕ ಆರಿಸುವ ಕ್ಯಾಲೆಂಡರ್) ಬಳಸಿದ ಫಾರಂಗಳು ಇನ್ನೊಂದು. 2010ರಲ್ಲಿ ಆ ಕಂಟ್ರೋಲ್ ಇಲ್ಲ. ಎಕ್ಸೆಲ್ 2007ಕ್ಕೆಂದೇ ಯಾರೋ ಬರೆದುಕೊಟ್ಟ ಸಂಬಳ ಪಟ್ಟಿಯ ಮ್ಯಾಕ್ರೋ, ಬರೆದವರು ಈಗ ಸಿಗುವುದಿಲ್ಲ, ಅದು ನಿಂತರೆ ತಿಂಗಳ ಸಂಬಳ ನಿಲ್ಲುತ್ತದೆ ಎನ್ನುವಂಥ ಕಡೆಯೂ ಹಳೆಯದು ಬೇಕೇ ಬೇಕು. ನಿಮ್ಮದು ಇಂಥ ಕಾರಣವಾದರೆ ಮುಂದೆ ಓದಿ.

ಯಾವುದು ಯಾವುದರ ಜೊತೆ ಕೂಡುತ್ತದೆ

ಪೆಟ್ಟಿಗೆಯ ಮೇಲಿನ ಇಸವಿ ನೋಡಿದರೆ ಸಾಲದು, ಒಳಗಿನ ಸಂಖ್ಯೆ ನೋಡಬೇಕು. ಆಫೀಸ್ 2003ಕ್ಕೆ 11, 2007ಕ್ಕೆ 12, 2010ಕ್ಕೆ 14, 2013ಕ್ಕೆ 15. ಹದಿಮೂರನ್ನು ಬಿಟ್ಟುಬಿಟ್ಟಿದ್ದಾರೆ. ಆಮೇಲೆ ಬಂದ 2016, 2019, 2021, 2024, ಮೈಕ್ರೋಸಾಫ್ಟ್ 365 ಎಲ್ಲದಕ್ಕೂ ಒಂದೇ ಸಂಖ್ಯೆ, 16. ಹೀಗಾಗಿ 'ನನ್ನ 2016 ಇರಲಿ, ಪಕ್ಕದಲ್ಲಿ 2021 ಹಾಕಿ' ಎಂದರೆ ಆಗುವುದಿಲ್ಲ. ಕಂಪ್ಯೂಟರಿನ ಕಣ್ಣಿಗೆ ಅವೆರಡೂ ಒಂದೇ.

ಎರಡನೆಯದು ಹಾಕುವ ವಿಧಾನ. ಹಳೆಯ ಆಫೀಸ್‌ಗಳು ವಿಂಡೋಸ್ ಇನ್‌ಸ್ಟಾಲರ್ ಮೂಲಕ, ಅಂದರೆ ಎಂಎಸ್‌ಐ ರೂಪದಲ್ಲಿ ಬರುತ್ತಿದ್ದವು. 2019ರಿಂದ ಈಚಿನವು ಕ್ಲಿಕ್-ಟು-ರನ್ ಎಂಬ ಹೊಸ ಬಗೆಯ ಸೆಟಪ್ ರೂಪದಲ್ಲಿ ಮಾತ್ರ ಬರುತ್ತವೆ. ಒಂದೇ ಸಂಖ್ಯೆಯ ಎಂಎಸ್‌ಐ ಮತ್ತು ಕ್ಲಿಕ್-ಟು-ರನ್ ಪ್ರತಿಗಳು ಒಟ್ಟಿಗೆ ಇರಲಾರವು. ಸಂಖ್ಯೆ ಬೇರೆಯಾದರೆ ಇರಬಲ್ಲವು. ಎಂಎಸ್‌ಐ ರೂಪದ 2007 ಅಥವಾ 2010, ಅದರ ಪಕ್ಕದಲ್ಲಿ ಕ್ಲಿಕ್-ಟು-ರನ್ ರೂಪದ 2021, 2024 ಇಲ್ಲವೇ 365: ಒಳ್ಳೆಯ ಜೋಡಿ ಇದು. ಅಂಗಡಿಯಲ್ಲಿ ಕೊಂಡ 2013 ಸಾಮಾನ್ಯವಾಗಿ ಕ್ಲಿಕ್-ಟು-ರನ್ ಆಗಿರುವುದರಿಂದ ಅದನ್ನು ಹೊಸದರ ಪಕ್ಕ ಕೂರಿಸಲು ಹೋಗಬೇಡಿ. ನಿಮ್ಮಲ್ಲಿರುವುದು ಯಾವುದೆಂದು ತಿಳಿಯಲು ಫೈಲ್ → ಅಕೌಂಟ್ ತೆರೆಯಿರಿ. ಅಲ್ಲಿ 'ಅಪ್‌ಡೇಟ್ ಆಪ್ಷನ್ಸ್' ಎಂಬ ಗುಂಡಿ ಇದ್ದರೆ ಕ್ಲಿಕ್-ಟು-ರನ್.

ಮೂರನೆಯದು ಬಿಟ್. ಇದರಲ್ಲೇ ಹೆಚ್ಚು ಜನ ಎಡವುತ್ತಾರೆ. 32 ಬಿಟ್ ಆಫೀಸ್ ಮತ್ತು 64 ಬಿಟ್ ಆಫೀಸ್ ಒಂದೇ ಕಂಪ್ಯೂಟರಿನಲ್ಲಿ ಕೂಡುವುದಿಲ್ಲ. 2007 ಬಂದದ್ದೇ 32 ಬಿಟ್‌ನಲ್ಲಿ ಮಾತ್ರ. ಹೊಸ ಆಫೀಸನ್ನು ನೀವು ಏನೂ ಆರಿಸದೆ ಹಾಕಿದರೆ 64 ಬಿಟ್ ಬರಬಹುದು, ಆಗ ಸೆಟಪ್ ಅರ್ಧದಲ್ಲೇ ನಿಂತು '32 ಬಿಟ್ ಪ್ರೋಗ್ರಾಂ ಸಿಕ್ಕಿದೆ, ಮೊದಲು ಅದನ್ನು ತೆಗೆಯಿರಿ' ಎನ್ನುತ್ತದೆ. ಹಳೆಯದನ್ನು ತೆಗೆಯಬೇಕಿಲ್ಲ, ಹೊಸದನ್ನು 32 ಬಿಟ್‌ನಲ್ಲಿ ಹಾಕಿದರಾಯಿತು. ವಿಂಡೋಸ್ 64 ಬಿಟ್ ಆಗಿದ್ದರೂ ಅದಕ್ಕೆ ಅಡ್ಡಿಯಿಲ್ಲ. ಹಳೆಯ ಮ್ಯಾಕ್ರೋಗಳಿಗೂ ಇದೇ ಕ್ಷೇಮ, ಏಕೆಂದರೆ ಫಾರಂಗಳಲ್ಲಿ ಬಳಸುವ 32 ಬಿಟ್ ಆಕ್ಟಿವ್‌ಎಕ್ಸ್ ಕಂಟ್ರೋಲ್‌ಗಳು (ಗುಂಡಿ, ಪಟ್ಟಿಯಂಥ ಬಿಡಿಭಾಗಗಳು) 64 ಬಿಟ್ ಎಕ್ಸೆಲ್‌ನಲ್ಲಿ ತೆರೆಯುವುದೇ ಇಲ್ಲ. ಹಳೆಯ ಆಫೀಸ್ ಇಲ್ಲವೇ ಇಲ್ಲದ ಕಂಪ್ಯೂಟರಿನಲ್ಲೂ ಕೆಲವೊಮ್ಮೆ ಇದೇ ಸಂದೇಶ ಬರುತ್ತದೆ. ಬೇರೆ ಯಾವುದೋ ತಂತ್ರಾಂಶ ತನ್ನ ಜೊತೆ ಹಾಕಿಹೋದ 'ಆಕ್ಸೆಸ್ ಡೇಟಾಬೇಸ್ ಎಂಜಿನ್' ಅಲ್ಲಿ ಕೂತಿರಬಹುದು; ಕಂಟ್ರೋಲ್ ಪ್ಯಾನೆಲ್‌ನ ಪಟ್ಟಿಯಲ್ಲಿ ಹುಡುಕಿ ನೋಡಿ.

ಇನ್ನು ಔಟ್‌ಲುಕ್. ಒಂದು ಕಂಪ್ಯೂಟರಿಗೆ ಒಂದೇ ಔಟ್‌ಲುಕ್, ಅದು ಹೊಸದೇ ಆಗಿರಲಿ. ಹಳೆಯ ಆಫೀಸ್ ಹಾಕುವಾಗಲೇ ಅದನ್ನು ಬಿಟ್ಟುಬಿಡಿ.

ಮೊದಲು ಹಳೆಯದು

ಕ್ರಮ ಯಾವಾಗಲೂ ಹಳೆಯದರಿಂದ ಹೊಸದಕ್ಕೆ. ಹೊಸದು ಈಗಾಗಲೇ ಇದ್ದರೆ ಅದನ್ನು ತೆಗೆದು, ಹಳೆಯದನ್ನು ಹಾಕಿ, ಮತ್ತೆ ಹೊಸದನ್ನು ಹಾಕಿ. ಹೊತ್ತು ಹಿಡಿದರೂ ಪರವಾಗಿಲ್ಲ. ಹೊಸದರ ಮೇಲೆ ಹಳೆಯದನ್ನು ಹೇರಿದರೆ ಎರಡೂ ಹಂಚಿಕೊಳ್ಳುವ ಕಡತಗಳು ಮತ್ತು ರಿಜಿಸ್ಟ್ರಿಯ ಬರಹಗಳು ಹಿಂದಕ್ಕೆ ಹೋಗುತ್ತವೆ, ಆಮೇಲೆ ಹೊಸದನ್ನು ಹೇಗೂ ರಿಪೇರಿ ಮಾಡಲೇಬೇಕಾಗುತ್ತದೆ.

ಶುರು ಮಾಡುವ ಮೊದಲು ವಿಂಡೋಸ್‌ನಲ್ಲಿ ಒಂದು ರಿಸ್ಟೋರ್ ಪಾಯಿಂಟ್ ಮಾಡಿಡಿ. ಹಳೆಯ ಆಫೀಸ್‌ನ 25 ಅಕ್ಷರದ ಕೀಲಿಯನ್ನು ಕಾಗದದ ಮೇಲೆ ಬರೆದುಕೊಳ್ಳಿ. ವರ್ಡ್‌ನ ಟೆಂಪ್ಲೇಟ್ ಫೋಲ್ಡರನ್ನೂ ಎಕ್ಸೆಲ್‌ನ ಎಕ್ಸ್‌ಎಲ್‌ಸ್ಟಾರ್ಟ್ ಫೋಲ್ಡರನ್ನೂ ಪೆನ್‌ಡ್ರೈವ್‌ಗೆ ನಕಲು ಮಾಡಿಕೊಳ್ಳಿ. ಇವು ನಿಮ್ಮ ಬಳಕೆದಾರ ಫೋಲ್ಡರಿನ ಒಳಗೆ ಆ್ಯಪ್‌ಡೇಟಾ → ರೋಮಿಂಗ್ → ಮೈಕ್ರೋಸಾಫ್ಟ್ ಅಡಿಯಲ್ಲಿವೆ. ಆ್ಯಪ್‌ಡೇಟಾ ಅಡಗಿರುವ ಫೋಲ್ಡರ್, 'ಹಿಡನ್ ಐಟಮ್ಸ್' ಗುರುತು ಹಾಕಿದರೆ ಕಾಣುತ್ತದೆ.

ಹಳೆಯ ಸೆಟಪ್ ಓಡಿಸಿ ಕೀಲಿ ಕೊಟ್ಟ ಮೇಲೆ ಎರಡು ಗುಂಡಿ ಬರುತ್ತವೆ. 'ಇನ್‌ಸ್ಟಾಲ್ ನೌ' ಒತ್ತಬೇಡಿ, 'ಕಸ್ಟಮೈಸ್' ಒತ್ತಿ. ಪಟ್ಟಿಯಲ್ಲಿ ನಿಮಗೆ ಬೇಕಾದ ಪ್ರೋಗ್ರಾಂ ಬಿಟ್ಟು ಮಿಕ್ಕೆಲ್ಲಕ್ಕೂ ಕೆಂಪು ಗುಣಾಕಾರದ ಗುರುತು ಹಾಕಿ. ಎಕ್ಸೆಲ್ ಮ್ಯಾಕ್ರೋಗಾಗಿ ಹಾಕುತ್ತಿದ್ದರೆ ಎಕ್ಸೆಲ್ ಒಂದೇ ಸಾಕು. ಆದರೆ 'ಆಫೀಸ್ ಶೇರ್ಡ್ ಫೀಚರ್ಸ್' ಒಳಗಿನ 'ವಿಷುಯಲ್ ಬೇಸಿಕ್ ಫಾರ್ ಅಪ್ಲಿಕೇಷನ್ಸ್' ಉಳಿಯಬೇಕು, ಅದಿಲ್ಲದೆ ಮ್ಯಾಕ್ರೋ ಓಡುವುದಿಲ್ಲ. ಉಳಿಸಿಕೊಂಡ ಪ್ರೋಗ್ರಾಂಗೆ 'ರನ್ ಆಲ್ ಫ್ರಂ ಮೈ ಕಂಪ್ಯೂಟರ್' ಎಂದೇ ಆರಿಸಿ. 'ಇನ್‌ಸ್ಟಾಲ್ಡ್ ಆನ್ ಫಸ್ಟ್ ಯೂಸ್' ಎಂದು ಬಿಟ್ಟರೆ ಎಂದೋ ಒಂದು ದಿನ ಕೆಲಸದ ನಡುವೆ ಸಿ.ಡಿ. ಕೇಳುತ್ತದೆ, ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸಿ.ಡಿ. ಡ್ರೈವೇ ಇರುವುದಿಲ್ಲ.

ಹಾಕಿದ ಮೇಲೆ 2007ಕ್ಕೆ ಸರ್ವಿಸ್ ಪ್ಯಾಕ್ 3, 2010ಕ್ಕೆ ಸರ್ವಿಸ್ ಪ್ಯಾಕ್ 2 ಹಾಕಿ. ಪ್ರೋಗ್ರಾಂ ತೆರೆದು ಆಕ್ಟಿವೇಟ್ ಆಗಿದೆಯೇ ಎಂದು ಅಲ್ಲೇ ನೋಡಿ. ಇದನ್ನು ಮುಂದಕ್ಕೆ ಹಾಕಬೇಡಿ: ಆಕ್ಟಿವೇಟ್ ಆಗದ 2007 ಒಟ್ಟು 25 ಸಲ ತೆರೆಯುತ್ತದೆ, ಆಮೇಲೆ ಫೈಲು ಓದಲು ಬಿಡುತ್ತದೆಯೇ ಹೊರತು ಉಳಿಸಲು ಬಿಡುವುದಿಲ್ಲ. ಎಲ್ಲ ಸರಿಯಿದ್ದರೆ ಕಂಪ್ಯೂಟರನ್ನು ಒಮ್ಮೆ ರಿಸ್ಟಾರ್ಟ್ ಮಾಡಿ. ಸಿ ಡ್ರೈವಿನಲ್ಲಿ, ಬೇರೆ ಯಾವ ಫೋಲ್ಡರಿನ ಒಳಗೂ ಅಲ್ಲದೆ, 'ಎಂಎಸ್‌ಒಕ್ಯಾಶ್' ಎಂಬ ಅಡಗಿದ ಫೋಲ್ಡರ್ ಬಂದಿರುತ್ತದೆ. ಹಳೆಯ ಆಫೀಸ್ ರಿಪೇರಿಗೆ ಬೇಕಾದ ಮೂಲ ಕಡತಗಳು ಅದರಲ್ಲಿವೆ. ಜಾಗ ಉಳಿಸುವ ಆಸೆಗೆ ಅದನ್ನು ಅಳಿಸಬೇಡಿ.

ಆಮೇಲೆ ಹೊಸದು

ಮೈಕ್ರೋಸಾಫ್ಟ್ ಖಾತೆಯ ಪುಟದಿಂದ ಹಾಕುವವರು ನೇರವಾಗಿ 'ಇನ್‌ಸ್ಟಾಲ್' ಒತ್ತದೆ, ಪಕ್ಕದ 'ಅದರ್ ಆಪ್ಷನ್ಸ್' ತೆರೆದು 32 ಬಿಟ್ ಆರಿಸಬೇಕು. ಕಚೇರಿಗಳಲ್ಲಿ ಬಳಸುವ 365 ಬಿಸಿನೆಸ್ ಅಥವಾ ಎಲ್‌ಟಿಎಸ್‌ಸಿ (ಸಂಸ್ಥೆಗಳಿಗೆ ಕೊಡುವ, ದೀರ್ಘ ಬೆಂಬಲದ) ಆವೃತ್ತಿಯಾದರೆ ಮೈಕ್ರೋಸಾಫ್ಟ್‌ನ ಆಫೀಸ್ ಕಸ್ಟಮೈಸೇಷನ್ ಟೂಲ್ ಪುಟದಲ್ಲಿ ಎಲ್ಲವನ್ನೂ ಮೊದಲೇ ಗೊತ್ತುಮಾಡಿಕೊಳ್ಳಬಹುದು. 32 ಬಿಟ್ ಆರಿಸಿ, ಬೇಡದ ಪ್ರೋಗ್ರಾಂಗಳನ್ನು ಆಫ್ ಮಾಡಿ, ಮುಖ್ಯವಾಗಿ 'ಅನ್‌ಇನ್‌ಸ್ಟಾಲ್ ಎನಿ ಎಂಎಸ್‌ಐ ವರ್ಷನ್ಸ್' ಎಂಬ ಸ್ವಿಚ್ ಆಫ್ ಇದೆಯೇ ನೋಡಿ. ಅದು ಆನ್ ಇದ್ದರೆ ನೀವು ಕಷ್ಟಪಟ್ಟು ಹಾಕಿದ ಹಳೆಯ ಆಫೀಸನ್ನು ಹೊಸದು ಮೊದಲ ಹೆಜ್ಜೆಯಲ್ಲೇ ತೆಗೆದುಹಾಕುತ್ತದೆ.

ಹೊಸದು 2010ರಂತಹ ಎಂಎಸ್‌ಐ ಆಗಿದ್ದರೆ, ಅಂದರೆ 2003ರ ಪಕ್ಕದಲ್ಲಿ 2010 ಹಾಕುತ್ತಿದ್ದರೆ, ಸೆಟಪ್‌ನಲ್ಲಿ 'ಅಪ್‌ಗ್ರೇಡ್' ಎಂಬ ಗುಂಡಿ ಬರುತ್ತದೆ. ಅಲ್ಲೂ 'ಕಸ್ಟಮೈಸ್'ಗೆ ಹೋಗಿ 'ಕೀಪ್ ಆಲ್ ಪ್ರೀವಿಯಸ್ ವರ್ಷನ್ಸ್' ಗುರುತು ಹಾಕಬೇಕು.

ಹಾಕಿ ಮುಗಿದ ಮೇಲೆ ಹೊಸ ವರ್ಡ್, ಎಕ್ಸೆಲ್ ಒಂದೊಂದು ಸಲ ತೆರೆದು ಮುಚ್ಚಿ. ಈ ಹಂತದಲ್ಲಿ ಡಬಲ್ ಕ್ಲಿಕ್ ಮಾಡಿದ ಫೈಲುಗಳು ಹೊಸದರಲ್ಲಿ ತೆರೆಯಬೇಕು. ನಿಮಗೆ ಬೇಕಾದದ್ದೂ ಅದೇ.

ಹಳೆಯದನ್ನು ತೆರೆಯುವ ಬಾಗಿಲು

'ಓಪನ್ ವಿತ್' ಬಳಸಿ ಕೆಲವು ಫೈಲುಗಳನ್ನು ಹಳೆಯ ವರ್ಡ್‌ಗೆ ಕಟ್ಟಿಹಾಕೋಣ ಎಂದು ಎಲ್ಲರೂ ನೋಡುತ್ತಾರೆ. ಅದು ನಿಲ್ಲುವುದಿಲ್ಲ. ಹಳೆಯ ವರ್ಡ್, ಹೊಸ ವರ್ಡ್ ಎರಡರ ಪ್ರೋಗ್ರಾಂ ಕಡತದ ಹೆಸರೂ 'ವಿನ್‌ವರ್ಡ್' ಎಂದೇ ಇದೆ, ವಿಂಡೋಸ್ ಆ ಪಟ್ಟಿಯನ್ನು ಇಡುವುದು ಕಡತದ ಹೆಸರಿನ ಮೇಲೆ. ಹಳೆಯದನ್ನು ತೋರಿಸಿದರೂ ಹೊಸದೇ ತೆರೆಯುವುದು ಇದಕ್ಕೇ.

ಕೆಲಸ ಮಾಡುವ ಉಪಾಯ 'ಸೆಂಡ್ ಟು'. ಹಳೆಯ ಪ್ರೋಗ್ರಾಂ ಇರುವ ಫೋಲ್ಡರ್ ತೆರೆಯಿರಿ: ಸಿ ಡ್ರೈವ್ → ಪ್ರೋಗ್ರಾಂ ಫೈಲ್ಸ್ ಎಕ್ಸ್86 → ಮೈಕ್ರೋಸಾಫ್ಟ್ ಆಫೀಸ್ → ಆಫೀಸ್12. 2010 ಆದರೆ ಆಫೀಸ್14. ಹೊಸದು ಅದೇ ಮೈಕ್ರೋಸಾಫ್ಟ್ ಆಫೀಸ್ ಫೋಲ್ಡರಿನ ರೂಟ್ → ಆಫೀಸ್16 ಒಳಗಿದೆ, ಎರಡನ್ನೂ ಗೊಂದಲ ಮಾಡಿಕೊಳ್ಳಬೇಡಿ. ಹಳೆಯ ಎಕ್ಸೆಲ್ ಅಥವಾ ವಿನ್‌ವರ್ಡ್ ಮೇಲೆ ಬಲ ಕ್ಲಿಕ್ ಮಾಡಿ ಡೆಸ್ಕ್‌ಟಾಪಿಗೆ ಶಾರ್ಟ್‌ಕಟ್ ಕಳಿಸಿ, ಅದಕ್ಕೆ 'ಹಳೆ ಎಕ್ಸೆಲ್ 2007' ಎಂದು ಹೆಸರಿಡಿ. ಈಗ ವಿಂಡೋಸ್ ಕೀ ಹಿಡಿದು ಆರ್ ಒತ್ತಿ, ಬಂದ ಕಿಟಕಿಯಲ್ಲಿ ಇಂಗ್ಲಿಷಿನಲ್ಲಿ ಶೆಲ್, ಅದಕ್ಕಂಟಿ ವಿವರಣ ಚಿಹ್ನೆಯ ಎರಡು ಚುಕ್ಕಿ, ಅದಕ್ಕಂಟಿ ಸೆಂಡ್‌ಟು ಎಂದು ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಕೊಡಿ. ತೆರೆದ ಫೋಲ್ಡರಿಗೆ ಆ ಶಾರ್ಟ್‌ಕಟ್ ನಕಲು ಮಾಡಿ. ಇನ್ನು ಮುಂದೆ ಯಾವ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿದರೂ ಸೆಂಡ್ ಟು → ಹಳೆ ಎಕ್ಸೆಲ್ 2007 ಸಿಗುತ್ತದೆ. ವಿಂಡೋಸ್ 11ರಲ್ಲಿ ಬಲ ಕ್ಲಿಕ್ ಮಾಡಿದ ಮೇಲೆ 'ಶೋ ಮೋರ್ ಆಪ್ಷನ್ಸ್' ಒತ್ತಿದರೆ ಸೆಂಡ್ ಟು ಕಾಣಿಸುತ್ತದೆ.

ಪ್ರತಿ ಸಲ ಬರುವ ಕಾನ್ಫಿಗರ್ ಕಿಟಕಿ

ಹಳೆಯ ವರ್ಡ್ ತೆರೆದಾಗ ರಿಜಿಸ್ಟ್ರಿಯಲ್ಲಿ ತನ್ನ ಹೆಸರಿಲ್ಲ ಎಂದು ಅದಕ್ಕೆ ಗೊತ್ತಾಗುತ್ತದೆ, ಕೂಡಲೇ ಬರೆದುಕೊಳ್ಳಲು ಹೊರಡುತ್ತದೆ. ಆ ಕಿಟಕಿ ಬರುವುದು ಇದಕ್ಕೆ. ಮುಗಿಯಲು ಒಂದೆರಡು ನಿಮಿಷ ಹಿಡಿಯುತ್ತದೆ, ಮುಗಿದ ಮೇಲೆ ಡಬಲ್ ಕ್ಲಿಕ್ ಹಳೆಯದರ ಪಾಲಾಗುತ್ತದೆ.

ನಿಲ್ಲಿಸಲು ರಿಜಿಸ್ಟ್ರಿ ಎಡಿಟರ್ ತೆರೆಯಿರಿ. ಕರೆಂಟ್ ಯೂಸರ್ ವಿಭಾಗದಲ್ಲಿ ಸಾಫ್ಟ್‌ವೇರ್ → ಮೈಕ್ರೋಸಾಫ್ಟ್ → ಆಫೀಸ್ → 12.0 → ವರ್ಡ್ → ಆಪ್ಷನ್ಸ್ ತನಕ ಹೋಗಿ. 2003 ಆದರೆ 11.0, 2010 ಆದರೆ 14.0. ಬಲಗಡೆ ಖಾಲಿ ಜಾಗದಲ್ಲಿ ಬಲ ಕ್ಲಿಕ್ ಮಾಡಿ ನ್ಯೂ → ಡಿವರ್ಡ್ 32 ಬಿಟ್ ವ್ಯಾಲ್ಯೂ ಆರಿಸಿ. ಹೆಸರು ಇಂಗ್ಲಿಷಿನ ಏಳು ಅಕ್ಷರ, ನಡುವೆ ಜಾಗವಿಲ್ಲ: ಎನ್, ಓ, ಆರ್, ಇ, ಆರ್, ಇ, ಜಿ. ಅದರ ಮೇಲೆ ಡಬಲ್ ಕ್ಲಿಕ್ ಮಾಡಿ ಬೆಲೆಯನ್ನು 1 ಮಾಡಿ. ಎಕ್ಸೆಲ್‌ಗೆ ಬೇಕಿದ್ದರೆ ಅದೇ ಸಂಖ್ಯೆಯ ಕೆಳಗೆ ಎಕ್ಸೆಲ್ → ಆಪ್ಷನ್ಸ್‌ನಲ್ಲೂ ಹೀಗೇ ಮಾಡಿ. ಇದು ಆಯಾ ಬಳಕೆದಾರರಿಗಷ್ಟೇ ಅನ್ವಯ. ಒಂದೇ ಕಂಪ್ಯೂಟರಿನಲ್ಲಿ ಇಬ್ಬರು ಲಾಗಿನ್ ಆಗುತ್ತಿದ್ದರೆ ಇಬ್ಬರ ಖಾತೆಯಲ್ಲೂ ಮಾಡಬೇಕು.

ಆಕ್ಸೆಸ್‌ಗೆ ಮಾತ್ರ ಈ ಮದ್ದು ನಾಟುವುದಿಲ್ಲ. ಎರಡು ಆಕ್ಸೆಸ್‌ಗಳ ನಡುವೆ ಓಡಾಡುವವರು ಪ್ರತಿ ಬದಲಾವಣೆಗೂ ಕಾಯಲೇಬೇಕು. ಕಿಟಕಿ ಓಡುವಾಗ 'ಕ್ಯಾನ್ಸಲ್' ಒತ್ತುವುದು ಬೇಡ, ಅರ್ಧ ಬರೆದ ರಿಜಿಸ್ಟ್ರಿ ಇನ್ನಷ್ಟು ತೊಂದರೆ ಕೊಡುತ್ತದೆ. ಆಕ್ಸೆಸ್ 97ರ ಫೈಲನ್ನು ಒಮ್ಮೆ ಹೊಸ ರೂಪಕ್ಕೆ ಬದಲಿಸಿಕೊಂಡ ಮೇಲೆ ಹಳೆಯ ಆಕ್ಸೆಸನ್ನು ತೆಗೆದುಬಿಡುವುದೇ ಲೇಸು.

ಡಬಲ್ ಕ್ಲಿಕ್ ಆಗಲೇ ಹಳೆಯದರ ಪಾಲಾಗಿದ್ದರೆ ಸೆಟ್ಟಿಂಗ್ಸ್ → ಆ್ಯಪ್ಸ್ ಪಟ್ಟಿಯಲ್ಲಿ ಹೊಸ ಆಫೀಸ್ ಹುಡುಕಿ 'ಮಾಡಿಫೈ' ಒತ್ತಿ 'ಕ್ವಿಕ್ ರಿಪೇರ್' ಓಡಿಸಿ. ಕೊನೆಯಲ್ಲಿ ರಿಪೇರಿ ಆದದ್ದೇ ಯಜಮಾನ. ಹಳೆಯದನ್ನು ರಿಪೇರಿ ಮಾಡಬೇಕಾಗಿ ಬಂದರೆ, ಅದರ ಬೆನ್ನಿಗೇ ಹೊಸದನ್ನೂ ರಿಪೇರಿ ಮಾಡಿ.

ಎರಡೂ ಹಂಚಿಕೊಳ್ಳುವ ಟೆಂಪ್ಲೇಟು

2007ರಿಂದ ಇವತ್ತಿನವರೆಗಿನ ಎಲ್ಲ ವರ್ಡ್‌ಗಳೂ ಒಂದೇ ಫೋಲ್ಡರಿನಲ್ಲಿರುವ ಒಂದೇ 'ನಾರ್ಮಲ್' ಟೆಂಪ್ಲೇಟನ್ನು ಬಳಸುತ್ತವೆ. ಹೊಸದರಲ್ಲಿ ಅಕ್ಷರದ ಗಾತ್ರ ಬದಲಿಸಿ ಕಾಯಂ ಮಾಡಿದರೆ ಹಳೆಯದರಲ್ಲೂ ಬದಲಾಗಿರುತ್ತದೆ. ಎರಡನ್ನೂ ಒಟ್ಟಿಗೆ ತೆರೆದಿಟ್ಟು ಮುಚ್ಚುವಾಗ 'ನಾರ್ಮಲ್ ಬೇರೆಡೆ ಬಳಕೆಯಲ್ಲಿದೆ, ಬೇರೆ ಹೆಸರಿನಲ್ಲಿ ಉಳಿಸಿ' ಎಂಬ ಸಂದೇಶ ಬಂದರೆ ಕಾರಣ ಇದೇ. ಹಳೆಯ ವರ್ಡ್‌ಗೆ ಬೇರೆ ಮನೆ ಮಾಡಿಕೊಡಿ: ಡಾಕ್ಯುಮೆಂಟ್ಸ್ ಒಳಗೆ ಒಂದು ಹೊಸ ಫೋಲ್ಡರ್ ಮಾಡಿ, ಹಳೆಯ ವರ್ಡ್‌ನಲ್ಲಿ ವರ್ಡ್ ಆಪ್ಷನ್ಸ್ → ಅಡ್ವಾನ್ಸ್ಡ್ → ತೀರಾ ಕೆಳಗಿನ 'ಫೈಲ್ ಲೊಕೇಷನ್ಸ್' ತೆರೆದು 'ಯೂಸರ್ ಟೆಂಪ್ಲೇಟ್ಸ್' ಸಾಲನ್ನು ಆ ಫೋಲ್ಡರಿಗೆ ಬದಲಿಸಿ. ಈ ಸೆಟ್ಟಿಂಗ್ ಪ್ರತಿ ಆವೃತ್ತಿಗೂ ಬೇರೆ ಬೇರೆ ದಾಖಲಾಗುವುದರಿಂದ ಹೊಸದಕ್ಕೆ ಏನೂ ಆಗುವುದಿಲ್ಲ.

ಎಕ್ಸೆಲ್‌ನಲ್ಲಿ ಇದೇ ತೊಂದರೆ 'ಪರ್ಸನಲ್' ಎಂಬ ಮ್ಯಾಕ್ರೋ ಪುಸ್ತಕದಿಂದ ಬರುತ್ತದೆ. ಎರಡನೆಯ ಎಕ್ಸೆಲ್ ತೆರೆದಾಗ ಅದು ಬಳಕೆಯಲ್ಲಿದೆ ಎಂಬ ಸಂದೇಶ ಬಂದರೆ 'ರೀಡ್ ಓನ್ಲಿ' ಒತ್ತಿ ಮುಂದುವರಿಯಿರಿ. ಅಪಾಯವೇನಿಲ್ಲ.

ಮ್ಯಾಕ್ರೋ ಕೆಡುವುದು ಎಲ್ಲಿ

ಹಳೆಯ ಎಕ್ಸೆಲ್‌ನ ಮ್ಯಾಕ್ರೋ ಫೈಲು ವರ್ಡ್ ಅಥವಾ ಔಟ್‌ಲುಕ್ ಜೊತೆ ಮಾತಾಡುವಂಥದ್ದಾದರೆ ಅದರೊಳಗೆ 'ವರ್ಡ್ 12.0 ಆಬ್ಜೆಕ್ಟ್ ಲೈಬ್ರರಿ' ಎಂಬ ಕೊಂಡಿ ಇರುತ್ತದೆ. ಆ ಫೈಲನ್ನು ಹೊಸ ಎಕ್ಸೆಲ್‌ನಲ್ಲಿ ತೆರೆದು ಉಳಿಸಿದರೆ ಕೊಂಡಿ ತಾನಾಗಿ 16.0ಕ್ಕೆ ಏರುತ್ತದೆ. ಏರುವುದಕ್ಕೆ ಗೊತ್ತು, ಇಳಿಯುವುದಕ್ಕೆ ಗೊತ್ತಿಲ್ಲ. ಹಳೆಯ ಆಫೀಸ್ ಮಾತ್ರ ಇರುವ ಇನ್ನೊಂದು ಕಂಪ್ಯೂಟರಿಗೆ ಆ ಫೈಲು ಹೋದಾಗ 'ಕಾಂಟ್ ಫೈಂಡ್ ಪ್ರಾಜೆಕ್ಟ್ ಆರ್ ಲೈಬ್ರರಿ' ಎಂದು ನಿಲ್ಲುತ್ತದೆ. ಆಲ್ಟ್ ಹಿಡಿದು ಎಫ್11 ಒತ್ತಿ, ಟೂಲ್ಸ್ → ರೆಫರೆನ್ಸಸ್ ತೆರೆಯಿರಿ. 'ಮಿಸ್ಸಿಂಗ್' ಎಂದು ಶುರುವಾಗುವ ಸಾಲಿನ ಗುರುತು ತೆಗೆದು, ಪಟ್ಟಿಯಲ್ಲಿ ಅದೇ ಲೈಬ್ರರಿಯ ಹಳೆಯ ಸಂಖ್ಯೆಗೆ ಗುರುತು ಹಾಕಿ ಉಳಿಸಿ. ಇಷ್ಟೆಲ್ಲ ಆಗದಂತೆ ನೋಡಿಕೊಳ್ಳುವುದು ಸುಲಭ: ಮ್ಯಾಕ್ರೋ ಫೈಲಿನ ಮೂಲಪ್ರತಿಗೆ ಪ್ರಾಪರ್ಟೀಸ್‌ನಲ್ಲಿ 'ರೀಡ್ ಓನ್ಲಿ' ಗುರುತು ಹಾಕಿ ಬೇರೆ ಫೋಲ್ಡರಿನಲ್ಲಿಡಿ, ಹೊಸದರಲ್ಲಿ ನೋಡಬೇಕಾದರೆ ನಕಲನ್ನೇ ತೆರೆಯಿರಿ.

ಆ ಫೋಲ್ಡರ್ ಒನ್‌ಡ್ರೈವ್‌ಗೆ ಸೇರದ ಜಾಗದಲ್ಲಿರಲಿ. ಹೊಸ ವಿಂಡೋಸ್‌ನಲ್ಲಿ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಫೋಲ್ಡರುಗಳು ಹಲವು ಸಲ ನಮಗೆ ಗೊತ್ತಾಗದೆಯೇ ಒನ್‌ಡ್ರೈವ್‌ಗೆ ಸೇರಿರುತ್ತವೆ. ಅಲ್ಲಿಂದ ತೆರೆದ ಫೈಲನ್ನು ಹೊಸ ಎಕ್ಸೆಲ್ ಆಟೋಸೇವ್ ಮಾಡಿಬಿಡುತ್ತದೆ, ಅಂದರೆ ನೀವು 'ಸೇವ್' ಒತ್ತದಿದ್ದರೂ ಫೈಲು ಬದಲಾಗಿರುತ್ತದೆ.

ಲೆಕ್ಕದ ಹಾಳೆಗಳಲ್ಲಿ ಇನ್ನೊಂದು ಸೂಕ್ಷ್ಮ. ಹೊಸ ಎಕ್ಸೆಲ್‌ನ ಎಕ್ಸ್‌ಲುಕಪ್, ಫಿಲ್ಟರ್ ಮುಂತಾದ ಸೂತ್ರಗಳಿರುವ ಹಾಳೆಯನ್ನು ಹಳೆಯದರಲ್ಲಿ ತೆರೆದಾಗ ಕೊನೆಯ ಸಲದ ಉತ್ತರ ಹಾಗೇ ಕಾಣುತ್ತದೆ, ಎಲ್ಲ ಸರಿಯಿದೆ ಅನ್ನಿಸುತ್ತದೆ. ಆ ಕೋಶವನ್ನು ಮುಟ್ಟಿ ಎಂಟರ್ ಒತ್ತಿದ ಕೂಡಲೇ 'ನೇಮ್' ದೋಷ ಬರುತ್ತದೆ. ಹಳೆಯ ಎಕ್ಸ್‌ಎಲ್‌ಎಸ್ ರೂಪದಲ್ಲಿ ಉಳಿಸುವವರು ಅದರ ಮಿತಿ 65,536 ಸಾಲು, 256 ಕಂಬಸಾಲು ಎಂಬುದನ್ನು ಮರೆಯಬಾರದು. ಈಗಿನ ರೂಪದಲ್ಲಿ 10,48,576 ಸಾಲು, 16,384 ಕಂಬಸಾಲು ಇವೆ; ಹೆಚ್ಚಾದದ್ದು ಉಳಿಸುವಾಗ ಕತ್ತರಿಸಿಹೋಗುತ್ತದೆ.

ಹಳೆಯದರ ಬಾಗಿಲಿಗೆ ಚಿಲಕ

2007ಕ್ಕೆ ಅಕ್ಟೋಬರ್ 2017ರಲ್ಲಿ, 2010ಕ್ಕೆ ಅಕ್ಟೋಬರ್ 2020ರಲ್ಲಿ, 2013ಕ್ಕೆ ಏಪ್ರಿಲ್ 2023ರಲ್ಲಿ ಭದ್ರತಾ ಅಪ್‌ಡೇಟ್ ನಿಂತುಹೋಗಿದೆ. 2016 ಮತ್ತು 2019ಕ್ಕೂ 14 ಅಕ್ಟೋಬರ್ 2025ಕ್ಕೆ ಬೆಂಬಲ ಮುಗಿಯಿತು. ಹಾಗಾಗಿ ಇ-ಮೇಲ್‌ನಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ, ಬೇರೆಯವರ ಪೆನ್‌ಡ್ರೈವ್‌ನಲ್ಲಿ ಬಂದ ಯಾವ ಫೈಲನ್ನೂ ಹಳೆಯದರಲ್ಲಿ ತೆರೆಯಬೇಡಿ. ಹಳೆಯದರ ಟ್ರಸ್ಟ್ ಸೆಂಟರ್‌ನಲ್ಲಿ ಮ್ಯಾಕ್ರೋಗಳನ್ನೆಲ್ಲ ನಿಷೇಧಿಸಿ, ನಿಮ್ಮ ಮ್ಯಾಕ್ರೋ ಫೈಲು ಇರುವ ಒಂದು ಫೋಲ್ಡರನ್ನು ಮಾತ್ರ 'ಟ್ರಸ್ಟೆಡ್ ಲೊಕೇಷನ್ಸ್' ಪಟ್ಟಿಗೆ ಸೇರಿಸಿ. ನಿಮ್ಮದೇ ಮ್ಯಾಕ್ರೋ ಫೈಲನ್ನು ಇ-ಮೇಲ್‌ನಿಂದ ಇಳಿಸಿಕೊಂಡಿದ್ದು ಹೊಸ ಎಕ್ಸೆಲ್‌ನಲ್ಲಿ ಕೆಂಪು ಪಟ್ಟಿ ಬಂದು ಮ್ಯಾಕ್ರೋ ಓಡದಿದ್ದರೆ, ಫೈಲಿನ ಪ್ರಾಪರ್ಟೀಸ್ ತೆರೆದು ಕೆಳಗಿನ 'ಅನ್‌ಬ್ಲಾಕ್' ಗುರುತು ಹಾಕಿ.

ಎರಡೂ ಕೂಡದೇ ಹೋದರೆ

2016 ಮತ್ತು 2024 ಎರಡೂ ಬೇಕು, ಅಥವಾ 64 ಬಿಟ್ ಹೊಸದು ಬೇಕೇ ಬೇಕು, ಅಥವಾ ಎರಡು ಔಟ್‌ಲುಕ್ ಬೇಕು ಎಂದಾದರೆ ವರ್ಚುಯಲ್ ಮಷಿನ್, ಅಂದರೆ ನಿಮ್ಮ ಕಂಪ್ಯೂಟರಿನ ಒಳಗೇ ತಂತ್ರಾಂಶದಿಂದ ಓಡುವ ಇನ್ನೊಂದು ಕಂಪ್ಯೂಟರ್, ಬಿಟ್ಟು ಬೇರೆ ದಾರಿಯಿಲ್ಲ. ವಿಂಡೋಸ್ ಪ್ರೋ ಇದ್ದರೆ ಹೈಪರ್-ವಿ ಒಳಗೇ ಇದೆ, ಹೋಮ್ ಆವೃತ್ತಿಯಲ್ಲಿ ಅದು ಸಿಗುವುದಿಲ್ಲ, ಉಚಿತವಾದ ವರ್ಚುಯಲ್‌ಬಾಕ್ಸ್ ಹಾಕಿಕೊಳ್ಳಿ. ಕಂಪ್ಯೂಟರಿನಲ್ಲಿ 8 ಜಿ.ಬಿ. ರ್‍ಯಾಮ್ ಇದ್ದರೆ ಒಳಗಿನ ಯಂತ್ರಕ್ಕೆ 3ರಿಂದ 4 ಜಿ.ಬಿ., ಡಿಸ್ಕಿನಲ್ಲಿ 40 ಜಿ.ಬಿ. ಕೊಡಿ. ಒಳಗಿನ ವಿಂಡೋಸ್‌ಗೂ ಪ್ರತ್ಯೇಕ ಲೈಸೆನ್ಸ್ ಬೇಕು. ಹಳೆಯ ಆಫೀಸ್ ಹಾಕಿ, ಆಕ್ಟಿವೇಟ್ ಆದ ಮೇಲೆ ಅದರ ನೆಟ್‌ವರ್ಕ್ ಅಡಾಪ್ಟರ್ ತೆಗೆದು, ಒಂದು ಸ್ನ್ಯಾಪ್‌ಶಾಟ್ (ಆ ಹೊತ್ತಿನ ಸ್ಥಿತಿಯ ನಕಲು) ಹಿಡಿದಿಡಿ. ವರ್ಚುಯಲ್‌ಬಾಕ್ಸ್‌ನಲ್ಲಿ ಫೈಲು ಸಾಗಿಸಲು ಶೇರ್ಡ್ ಫೋಲ್ಡರ್ ಸಾಕು.

ಹಳೆಯ ಡಾಕ್, ಎಕ್ಸ್‌ಎಲ್‌ಎಸ್ ಫೈಲುಗಳನ್ನು ತೆರೆದು ಓದಿದರೆ ಸಾಕು ಎನ್ನುವವರಿಗೆ ಲಿಬ್ರೆಆಫೀಸ್ ಎಂಬ ಉಚಿತ ತಂತ್ರಾಂಶ ಎಲ್ಲಕ್ಕಿಂತ ಸುಲಭ. ಅದು ಮೈಕ್ರೋಸಾಫ್ಟ್ ಆಫೀಸ್ ಜೊತೆ ಜಗಳಕ್ಕೇ ಹೋಗುವುದಿಲ್ಲ. ಸೆಟಪ್‌ನಲ್ಲಿ 'ಕಸ್ಟಮ್' ಆರಿಸಿ, ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್ ಫೈಲುಗಳನ್ನು ತನಗೆ ಸೇರಿಸಿಕೊಳ್ಳಲೇ ಎಂದು ಕೇಳುವ ಗುರುತುಗಳನ್ನು ಖಾಲಿ ಬಿಡಿ. ಲಿಬ್ರೆಆಫೀಸ್‌ನದ್ದೇ ಎರಡು ಆವೃತ್ತಿ ಬೇಕಾದರೆ ಒಂದನ್ನು ಮಾಮೂಲಿನಂತೆ ಹಾಕಿ, ಇನ್ನೊಂದರ ಪೋರ್ಟಬಲ್ (ಇನ್‌ಸ್ಟಾಲ್ ಮಾಡದೆಯೇ ಓಡುವ) ಪ್ರತಿಯನ್ನು ಬೇರೆ ಫೋಲ್ಡರಿನಲ್ಲಿಡಿ. 4.0ರಿಂದ ಈಚಿನ ಎಲ್ಲ ಆವೃತ್ತಿಗಳೂ ಸೆಟ್ಟಿಂಗ್‌ಗಳನ್ನು '4' ಎಂಬ ಒಂದೇ ಫೋಲ್ಡರಿನಲ್ಲಿ ಬರೆಯುತ್ತವೆ, ಹೊಸದು ಬರೆದದ್ದನ್ನು ಹಳೆಯದು ಓದಲಾರದೆ ತಡವರಿಸಬಹುದು. ಪೋರ್ಟಬಲ್ ಪ್ರತಿಗೆ ತನ್ನದೇ ಸೆಟ್ಟಿಂಗ್ ಫೋಲ್ಡರ್ ಇರುತ್ತದೆ.

ಹಳೆಯ ಆಫೀಸಿನ ಕೆಲಸ ಮುಗಿದ ದಿನ ಅದನ್ನು ಕಂಟ್ರೋಲ್ ಪ್ಯಾನೆಲ್‌ನಿಂದಲೇ ತೆಗೆಯಿರಿ, ಫೋಲ್ಡರ್ ಅಳಿಸಬೇಡಿ. ತೆಗೆಯುವಾಗ ಅದು ಹಂಚಿಕೊಂಡಿದ್ದ ಕೆಲವು ರಿಜಿಸ್ಟ್ರಿ ಬರಹಗಳನ್ನೂ ಜೊತೆಗೆ ಒಯ್ಯುತ್ತದೆ, ವರ್ಡ್ ಫೈಲುಗಳ ಚಿಹ್ನೆ ಬಿಳಿ ಹಾಳೆಯಂತಾಗಬಹುದು. ರಿಸ್ಟಾರ್ಟ್ ಮಾಡಿ ಹೊಸದಕ್ಕೆ ಕ್ವಿಕ್ ರಿಪೇರ್ ಕೊಟ್ಟರೆ ಚಿಹ್ನೆಗಳು ವಾಪಸು ಬರುತ್ತವೆ. ಸೆಂಡ್ ಟು ಫೋಲ್ಡರಿನಲ್ಲಿ ಉಳಿದ ಹಳೆಯ ಶಾರ್ಟ್‌ಕಟ್ಟನ್ನು ಮಾತ್ರ ನೀವೇ ಅಳಿಸಬೇಕು.